ಜಗಳೂರಿನ ಕೆರೆಯಂಗಳದಲ್ಲಿ ಒಂದೂವರೆ ಸುತ್ತು

ಪಕ್ಕದ ಸೀಟಿನಲ್ಲಿ ಕುಳಿತು ಇನ್ನೊಬ್ಬರ ಚಾಲನೆಯನ್ನು ತಿದ್ದುವಷ್ಟು ಸುಲಭವಾದ ವಿದ್ಯೆ ಲೋಕದಲ್ಲಿ ಮತ್ತೊಂದಿಲ್ಲ. ಲೈಸೆನ್ಸ್ ಬೇಡ, ಪೆಟ್ರೋಲು ಬೇಡ, ಧೈರ್ಯವಂತೂ ಬೇಡವೇ ಬೇಡ. ಬಲಗಾಲು ಅಲ್ಲಿಲ್ಲದ ಬ್ರೇಕನ್ನು ತುಳಿಯುತ್ತಿದ್ದರೆ, ನಾಲಗೆ ಅಲ್ಲೇ ಇರುವ ಚಾಲಕನನ್ನು ತುಳಿಯುತ್ತಿರುತ್ತದೆ. ಈ ವಿದ್ಯೆಯಲ್ಲಿ ನಾನು ಪಾರಂಗತ. ನೀವೂ ಅಲ್ಪಸ್ವಲ್ಪ ಬಲ್ಲವರೇ ಇರಬೇಕು. ಇಲ್ಲವೆಂದರೆ ನಿಮ್ಮ ಮನೆಯವರನ್ನು ಒಮ್ಮೆ ಕೇಳಿ ನೋಡಿ.

ಎಂಬತ್ತರ ದಶಕದ ಮೊದಲ ವರ್ಷಗಳವು. ಚನ್ನಗಿರಿಯ ಕಾಲೇಜಿನಲ್ಲಿ ನಾನು ಕನ್ನಡ ಪಾಠ ಹೇಳುತ್ತಿದ್ದೆ. ಹೊನ್ನಾಳಿಯ ವಕೀಲರೊಬ್ಬರಿಂದ ಕೊಂಡ ಹಳೆಯ ಫಿಯಟ್ ಕಾರೊಂದು ಮನೆಮುಂದೆ ನಿಂತಿತ್ತು. ಅದು ಬಂದಂದಿನಿಂದ ನನ್ನ ನಡಿಗೆಯೇ ಬದಲಾಯಿತೆಂದು ಹೆಂಡತಿ ಗಿರಿಜೆ ಹೇಳುತ್ತಿದ್ದಳು. ನಡಿಗೆಗಿಂತ ಹೆಚ್ಚಾಗಿ ಬದಲಾದದ್ದು ಮಾತು. ಒಂದು ಸಂಜೆ ಹೋಟೆಲಿನಲ್ಲಿ ಕುಳಿತು, ತಿರುವಿನಲ್ಲಿ ವೇಗ ಇಳಿಸುವುದು ಹೇಡಿಗಳ ಲಕ್ಷಣವೆಂದು ನಾನು ಸೋದಾಹರಣವಾಗಿ ಪ್ರತಿಪಾದಿಸುತ್ತಿದ್ದಾಗ, ಎದುರಿಗಿದ್ದ ರಹಮತ್ ಸಾಹೇಬರು ಚಹಾದ ಲೋಟ ಕೆಳಗಿಟ್ಟರು. ಅವರು ನಮ್ಮೂರಿನ ಮರದ ವ್ಯಾಪಾರಿ, ನನ್ನ ಸ್ನೇಹಿತ, ಮಿತಭಾಷಿ.

"ಜಗಳೂರಿನ ಹತ್ರ ಒಣಗಿದ ಕೆರೆಯಾಗೆ ಕಾರಿನ ರೇಸು ಇಟ್ಟಾರೆ ಮೇಷ್ಟ್ರೇ. ನಾನು ಹೆಸರು ಕೊಟ್ಟೀನಿ. ನೀವೂ ಕೊಡ್ರಿ ಮತ್ತೆ" ಎಂದರು.

ಹೋಟೆಲಿನಲ್ಲಿದ್ದವರೆಲ್ಲ ನನ್ನತ್ತ ತಿರುಗಿದರು. ಅಷ್ಟು ಜನರ ಮುಂದೆ ವೇಗ ಇಳಿಸುವುದು ಹೇಗೆ? ಕೊಟ್ಟೆ.

ಗಿರಿಜೆ ಅಳಲಿಲ್ಲ, ಬೈಯಲಿಲ್ಲ. ನ್ಯಾಮತಿಯಲ್ಲಿ ಡಾಕ್ಟರಾಗಿದ್ದ ತನ್ನಕ್ಕ ಸುಶೀಲಕ್ಕನಿಗೆ ಹೇಳಿಕಳಿಸಿದಳು. ಇದು ಅಳುವುದಕ್ಕಿಂತ ಭಯಂಕರ. ಸುಶೀಲಕ್ಕ ಮದರಾಸಿನಲ್ಲಿ ವೈದ್ಯಕೀಯ ಓದುವಾಗ ಅಲ್ಲಿನ ಹಳೆಯ ವಿಮಾನಪಟ್ಟಿಯ ಮೇಲೆ ನಡೆಯುತ್ತಿದ್ದ ಪಂದ್ಯಗಳಲ್ಲಿ ಕಾರು ಓಡಿಸಿದವರು. ನನ್ನ ಉತ್ಸಾಹವನ್ನು ಇಳಿಸುವರೆಂದುಕೊಂಡಿದ್ದೆ. ಅವರು ನನ್ನ ನಾಡಿ ಹಿಡಿದು ನೋಡಿ, "ಹೃದಯ ಗಟ್ಟಿ ಐತೆ, ತಲೆಯ ವಿಷಯ ಆಮೇಲೆ ನೋಡೋಣ" ಎಂದು ನ್ಯಾಮತಿಯ ಹೊರಗಿನ ಬಯಲಿಗೆ ಕರೆದೊಯ್ದರು.

ಅಲ್ಲಿ ಅವರು ನನಗೆ ವೇಗವನ್ನು ಕಲಿಸಲೇ ಇಲ್ಲ, ಕಲಿಸಿದ್ದು ಸೋಲುವುದನ್ನು.

"ತಿರುವಿನಾಗೆ ಕಾರಿನ ಹಿಂಭಾಗ ಜಾರಾಕೆ ಹತ್ತಿದ್ರೆ, ಅದು ಜಾರೋ ಕಡೆಗೇ ಸ್ಟೀರಿಂಗ್ ತಿರುಗಿಸಿ ನೋಡ್ರಿ. ಆದ್ರೂ ಮಾತು ಕೇಳಲಿಲ್ಲ, ಬುಗುರಿ ಹಂಗೆ ತಿರುಗಾಕೆ ಹತ್ತಿತು ಅನ್ನಿ, ಅದರ ಕೂಡ ಗುದ್ದಾಡಬೇಡ್ರಿ. ಎರಡೂ ಕಾಲು ಒತ್ತಿಬಿಡ್ರಿ. ಒಂದು ಕ್ಲಚ್ ಮೇಲೆ, ಒಂದು ಬ್ರೇಕ್ ಮೇಲೆ. ಪೂರ್ತಿ ನಿಲ್ಲೋವರೆಗೂ ತೆಗೀಬಾರದು."

"ನಿಂತ ಮೇಲೆ?"

"ನಿಂತ ಮೇಲೆ ಸುಮ್ನೆ ಕೂತಿರ್ರಿ. ನಿಂತ ಕಾರನ್ನ ಹಿಂದೆ ಬರೋರು ನೋಡಿ ತಪ್ಪಿಸ್ಕೊಂಡು ಹೋಗ್ತಾರೆ. ಆ ಕಡೆ ಈ ಕಡೆ ಅಲ್ಲಾಡೋ ಕಾರನ್ನ ಹೆಂಗೆ ತಪ್ಪಿಸ್ತಾರೆ? ಬಾವುಟದವನು ದಾರಿ ಖಾಲಿ ಐತೆ ಅಂತ ತೋರಿಸಿದ ಮೇಲೇ ಹೊರಡಬೇಕು."

ಜಾರಿಸುವುದು, ಒತ್ತುವುದು, ನಿಲ್ಲಿಸುವುದು ಹೇಗೋ ಬಂತು. ಸುಮ್ಮನೆ ಕೂರುವುದು ಮಾತ್ರ ಬರಲಿಲ್ಲ. ನಿಂತ ಕ್ಷಣವೇ ನನ್ನ ಕೈ ಗೇರಿಗೆ ಹೋಗುತ್ತಿತ್ತು, ಬಾಯಿ ಸಮಜಾಯಿಷಿಗೆ ಹೋಗುತ್ತಿತ್ತು. ಸುಶೀಲಕ್ಕ ಕೈಯ ಮೇಲೊಂದು ಬಾರಿಸಿ, "ಮತ್ತೆ ಮಾಡ್ರಿ" ಎನ್ನುತ್ತಿದ್ದರು.

ಪಂದ್ಯದ ದಿನ ಜಗಳೂರಿನ ಸುತ್ತಲಿನ ಜನವೆಲ್ಲ ಕೆರೆಯ ಏರಿಯ ಮೇಲೆ ನಿಂತಿದ್ದರು. ಒಣಮೆಕ್ಕಲಿನ ಮೇಲೆ ಸುಣ್ಣದ ಗೆರೆ, ತಿರುವುಗಳಲ್ಲಿ ಹುಲ್ಲಿನ ಹೊರೆಗಳು, ಬಾವುಟ ಹಿಡಿದು ನಿಂತವರು. ತಲೆಗೆ ಹೆಲ್ಮೆಟ್, ನಡುವಿಗೆ ಬಿಗಿದ ಪಟ್ಟಿ. ಹಳೆಯ ಶಿಲ್ಪಗಳ ವೀರಯೋಧನಂತೆ ಕಾಣುತ್ತಿರುವೆನೆಂದು ನಾನು ಭಾವಿಸಿದ್ದೆ. ಪಾರ್ಸೆಲ್ ಕಟ್ಟಿದಂತೆ ಕಾಣುತ್ತಿರುವೆನೆಂದು ಗಿರಿಜೆ ಹೇಳಿದಳು. ಆದರೆ ಹೇಳುವಾಗ ಅವಳ ಕೈ ನನ್ನ ಪಟ್ಟಿಯನ್ನು ಎರಡೆರಡು ಸಲ ಎಳೆದು ನೋಡುತ್ತಿತ್ತು.

ಹೊರಡುವಾಗ ರಹಮತ್ ಸಾಹೇಬರ ಕಾರಿನ ಇಂಜಿನ್ನು ಆಫಾಗಿ ಅವರು ಹಿಂದುಳಿದರು. ಹೀಗೆ, ನನ್ನದೇನೂ ಕಾಣಿಕೆಯಿಲ್ಲದೆ, ನಾನು ಅವರಿಗಿಂತ ಮುಂದಿದ್ದೆ. ಸುತ್ತು ಕಳೆದಂತೆ ಕನ್ನಡಿಯಲ್ಲಿ ಅವರ ಕಾರು ದೊಡ್ಡದಾಗತೊಡಗಿತು. ಭ್ರಮೆಯಲ್ಲಿ ಆರಂಭವಾಗಿ ಸಂಭ್ರಮದಲ್ಲಿ ಸಾಗಿದ್ದ ನನ್ನ ಸಾಹಸ ಭ್ರಮಣಕ್ಕೆ ತಿರುಗಿದ್ದು ಅಲ್ಲಿಯೇ. ಏರಿಯ ಬುಡದ ತಿರುವನ್ನು, ಹೋಟೆಲಿನಲ್ಲಿ ಮಂಡಿಸಿದ ಸಿದ್ಧಾಂತಕ್ಕೆ ನಿಷ್ಠನಾಗಿ, ವೇಗ ಇಳಿಸದೆ ಹೊಕ್ಕೆ. ನಡುವೆ ಸಿದ್ಧಾಂತ ಕೈಕೊಟ್ಟಿತು. ಹೆದರಿ ಆಕ್ಸಿಲರೇಟರಿನಿಂದ ಕಾಲು ತೆಗೆದೆ. ಕಾರಿನ ಹಿಂಭಾಗ ನನ್ನನ್ನು ಹಿಂದಿಕ್ಕಲು ಹೊರಟಿತು.

ಸ್ಟೀರಿಂಗ್ ತಿರುಗಿಸಿದೆ, ಕೇಳಲಿಲ್ಲ. ಜನ, ಹುಣಸೆಮರ, ಆಕಾಶ, ಮತ್ತೆ ಜನ. ಎರಡೂ ಕಾಲು ಒತ್ತಿದೆ. ಕಾರು ಒಂದೂವರೆ ಸುತ್ತು ತಿರುಗಿ, ಬಂದ ದಾರಿಗೇ ಮುಖ ಮಾಡಿ, ದಾರಿಯ ನಟ್ಟನಡುವೆ ನಿಂತಿತು. ಕ್ಲಚ್ಚಿನ ದಯೆಯಿಂದ ಇಂಜಿನ್ನು ಇನ್ನೂ ಉಸಿರಾಡುತ್ತಿತ್ತು. ಎದುರಿಗೆ ನಾನೇ ಎಬ್ಬಿಸಿದ ಧೂಳಿನ ಗೋಡೆ. ಅದರಾಚೆ ರಹಮತ್ ಸಾಹೇಬರ ಕಾರಿನ ಸದ್ದು, ಹತ್ತಿರ, ಇನ್ನೂ ಹತ್ತಿರ.

ಓದುಗ ಮಿತ್ರರೇ, ಆಗ ಮೈಯ ಕಣಕಣವೂ 'ಓಡು' ಎನ್ನುತ್ತದೆ. ಗೇರಿನ ಮೇಲೆ ಕೈ ಹೋಗಿಯೇಬಿಟ್ಟಿತ್ತು. ಎಡಕ್ಕೆ ನಾಲ್ಕು ಮಾರು ಸರಿದರೆ ಬದುಕಿದೆ ಎನ್ನಿಸಿತು. ಬಲಕ್ಕೆ ಸರಿದರೂ ಹಾಗೆಯೇ ಎನ್ನಿಸಿತು. ನ್ಯಾಮತಿಯ ಬಯಲಿನಲ್ಲಿ ಪೆಟ್ಟು ತಿಂದ ಕೈ ತಾನಾಗಿ ಹಿಂದೆ ಬಂತು. ಕಾಲುಗಳನ್ನು ಇನ್ನೂ ಬಲವಾಗಿ ಒತ್ತಿ, ಸುಮ್ಮನೆ ಕುಳಿತೆ. ಆಯುಷ್ಯವಿಡೀ ಏನಾದರೊಂದು ಮಾಡುತ್ತ, ಅದಕ್ಕಿಂತ ಹೆಚ್ಚು ಆಡುತ್ತ ಬಂದವನು ಏನನ್ನೂ ಮಾಡದೆ ಕುಳಿತ ಆ ಗಳಿಗೆಯಷ್ಟು ದೀರ್ಘವಾದದ್ದನ್ನು ಮುಂದೆಂದೂ ಕಾಣಲಿಲ್ಲ.

ಧೂಳು ಸೀಳಿ ಕಾರು ಬಂತು. ಸಾಹೇಬರ ಕಣ್ಣುಗಳು ಕಂಡವು. ನನ್ನ ಬಾಗಿಲಿನ ಪಕ್ಕದಲ್ಲೇ ಗಾಳಿಯಂತೆ ಹಾದುಹೋದರು. ಅವರ ಹಿಂದೆ ಉಳಿದವರು, ಒಬ್ಬೊಬ್ಬರಾಗಿ.

ಬಾವುಟದವನು ಹೊರಡೆಂದು ಸನ್ನೆ ಮಾಡಿದ. ವಿಜಯೋತ್ಸಾಹದಿಂದ ಹೊರಟೆ — ಕಾರಿನ ಮುಖವಿದ್ದ ಕಡೆಗೇ, ಅಂದರೆ ಪಂದ್ಯಕ್ಕೆ ನೇರ ವಿರುದ್ಧವಾಗಿ. ಏರಿಯ ಮೇಲಿನ ಜನ ಒಕ್ಕೊರಲಿನಿಂದ "ಆ ಕಡೆ ರೀ! ಆ ಕಡೆ!" ಎಂದು ಕೂಗಿದರು. ಅಂದಿನ ಪಂದ್ಯದಲ್ಲಿ ಗೆದ್ದವನ ಹೆಸರು ಜಗಳೂರಿನಲ್ಲಿ ಯಾರಿಗೂ ನೆನಪಿಲ್ಲ. ತಿರುಗಿ ಮನೆಗೆ ಹೊರಟ ಮೇಷ್ಟ್ರನ್ನು ಬಹಳ ಕಾಲ ನೆನೆಸಿಕೊಂಡರೆಂದು ಕೇಳಿದ್ದೇನೆ.

ಕಾರು ನಿಲ್ಲಿಸಿ ಇಳಿದಾಗ ಗಿರಿಜೆ ನನ್ನ ಹೆಲ್ಮೆಟ್ಟು ತೆಗೆದುಕೊಂಡು ಅದರ ಧೂಳು ಒರೆಸತೊಡಗಿದಳು. ಸುಶೀಲಕ್ಕ ಮತ್ತೆ ನಾಡಿ ಹಿಡಿದು ನೋಡಿ, "ಕೈ ಗೇರಿಗೆ ಹೋಗಿತ್ತು ತಾನೇ?" ಎಂದರು. ತಲೆಯಾಡಿಸಿದೆ. "ವಾಪಸ್ ಬಂತಲ್ಲ, ಸಾಕು" ಎಂದರು.

ಆಮೇಲೆ ರಹಮತ್ ಸಾಹೇಬರು ಎರಡು ಲೋಟ ಚಹಾ ಹಿಡಿದು ಬಂದರು. ದಾರಿಯುದ್ದಕ್ಕೂ ಚಹಾ ತುಳುಕುತ್ತಿತ್ತು.

"ಧೂಳಿನಾಗೆ ನೀವು ಕಂಡಾಗ ಎಡಕ್ಕೆ ಹೋಗಾಕೆ ಮನಸ್ಸು ಮಾಡ್ಬಿಟ್ಟಿದ್ದೆ ಮೇಷ್ಟ್ರೇ. ಮತ್ತೆ ತಿರುಗಿಸಾಕೆ ಹೊತ್ತೇ ಇರಲಿಲ್ಲ. ನೀವೇನಾರ ಆ ಕಡೆಗೆ ಒಂಚೂರು ಅಲ್ಲಾಡಿದ್ರೆ..."

ಅವರು ಮಾತನ್ನು ಅಲ್ಲಿಗೇ ನಿಲ್ಲಿಸಿದರು. ಅರ್ಧಕ್ಕೆ ನಿಂತ ವಾಕ್ಯಗಳನ್ನು ಪೂರ್ಣಗೊಳಿಸುವುದೇ ನನ್ನ ಕಸುಬು. ಅದೊಂದನ್ನು ನಾನು ಮುಟ್ಟಲಿಲ್ಲ. ಅವರ ಕೈಯಿಂದ ಲೋಟ ತೆಗೆದುಕೊಂಡೆ. ಇಬ್ಬರೂ ಏರಿಯ ಕಲ್ಲಿನ ಮೇಲೆ ಕುಳಿತು, ತುಳುಕಿ ಉಳಿದಷ್ಟು ಚಹಾವನ್ನು ನಿಧಾನವಾಗಿ ಕುಡಿದೆವು.