ಅಂಚೆಚೀಟಿ ಚೌಡಪ್ಪ

ಡೆಂಕಣಿಕೋಟೆಯಿಂದ ನಮ್ಮ ದೊಡ್ಡಮ್ಮನ ತಿಥಿ ಕಾಗದ ಬಂದ ದಿನ ಪಕ್ಕದ ಮನೆಯ ಮುನಿಲಕ್ಷ್ಮಿ, “ಬೇಗ ಹರಿದಾಕಕ್ಕಾ, ಚೌಡಪ್ಪ ಬಂದ್ಬುಟ್ಟಾನು!” ಎಂದಳು. ಆ ಹೆಸರು ನಾನು ಕೇಳಿದ್ದು ಅಂದೇ. ಓದಿದ ತಿಥಿ ಕಾಗದವನ್ನು ಮನೆಯಲ್ಲಿಡದೆ ಹರಿದೆಸೆಯುವುದು ನಮ್ಮ ಪದ್ಧತಿ. ಅದರ ಮೇಲಿನ ಅಂಚೆಚೀಟಿ ಉಳಿಸುವುದು ನಿವೃತ್ತ ಬಸ್ ಕಂಡಕ್ಟರ್ ಚೌಡಪ್ಪನವರ ಹಟ. ತಿಪ್ಪೆಗೆ ಬಿದ್ದದ್ದನ್ನೂ ಹೆಕ್ಕಿ, ನೀರಲ್ಲಿ ನೆನೆಸಿ, ಚೀಟಿ ಬಿಡಿಸಿ ಒಣಗಿಸುವರು. “ಸೂತಕದ್ದು ಕಣಣ್ಣಾ” ಎಂದರೆ, “ಚೀಟಿ ಮೇಲಿರೋ ನವಿಲಿಗೆ ಯಾರು ಸತ್ರಕ್ಕಾ?” ಎನ್ನುವರು. ಒಮ್ಮೆ ಆಲ್ಬಮ್ ತೋರಿಸಿದರು. ಪ್ರತಿ ಚೀಟಿಯ ಕೆಳಗೂ ಸತ್ತವರ ಹೆಸರು ಬರೆದಿದ್ದರು. ನಮ್ಮ ದೊಡ್ಡಮ್ಮನೂ ಅಲ್ಲಿದ್ದಳು. ಮೊನ್ನೆ ಹಾಸಿಗೆ ಹಿಡಿದು ಮಲಗಿದ್ದ ಚೌಡಪ್ಪನವರು ನನ್ನನ್ನೇ ಕರೆಸಿ ಹೇಳಿದರು: “ಅಕ್ಕಾ, ನನ್ನ ತಿಥಿ ಕಾಗದ ನಿಂಗೂ ಅಂಚೇಲೇ ಕಳ್ಸಾಕೆ ಮನೇವ್ರಿಗೆ ಹೇಳಿವ್ನಿ, ಬಂದಾಗ ಹರಿಯಾಕೆ ಬಿಡ್ಬ್ಯಾಡ. ಚೀಟಿ ನೀನೇ ನೆನೆಸಿ ಬಿಡ್ಸು. ಅಂಚು ಮಾತ್ರ ಕೀಳಬಾರ್ದು, ನೋಡ್ಕೊ.”