ಯಗಟಿಯ ನಿಂಗಮ್ಮನ ಗೇಣು

ಧೊಪ್ಪೆಂದು ಮೇಜಿನ ಮೇಲೆ ಬೀಳುತ್ತಿದ್ದ ದೊಡ್ಡ ಅಟ್ಲಾಸಿನ ಸದ್ದು ಮೊನ್ನೆ ಮತ್ತೆ ಕೇಳಿಸಿತು. ನಿಜಕ್ಕೂ ಏನೂ ಬಿದ್ದಿರಲಿಲ್ಲ. ಮೊಮ್ಮಗಳು ಫೋನಿನ ಮ್ಯಾಪ್ ತೋರಿಸಿ, ಎರಡು ಬೆರಳಿಟ್ಟು ಹಿಗ್ಗಿಸು ಅಜ್ಜಿ ಎಂದಳು, ಅಷ್ಟೇ. ನಾನು ಇಡೀ ಗೇಣನ್ನೇ ಹಾಸಿಬಿಟ್ಟೆ. ಮ್ಯಾಪು ಎಲ್ಲಿಗೋ ಹಾರಿತು, ನಾನು ಕಡೂರಿಗೆ ಹೋದೆ.

ಎಪ್ಪತ್ತರ ದಶಕದ ಕೊನೆ. ಲೈಬ್ರರಿ ಸೈನ್ಸ್ ಓದುತ್ತಿದ್ದ ನನಗೆ ಯೂನಿವರ್ಸಿಟಿ ಲೈಬ್ರರಿಯಲ್ಲಿ, ಓದುಗರ ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಡುವ ರೆಫರೆನ್ಸ್ ಡೆಸ್ಕಿನಲ್ಲಿ ಟ್ರೈನಿಂಗ್ ಮಾಡುವ ಕನಸು. ಅಲ್ಲಿ ಜಾಗವಿಲ್ಲವೆಂದು ಕಡೂರಿನ ಲೈಬ್ರರಿಗೆ ದಬ್ಬಿದರು. ತರೀಕೆರೆಯಿಂದ ದಿನಾ ಬಸ್ಸಿನಲ್ಲಿ, ಸೀರೆಯ ಇಸ್ತ್ರಿ ಕೆಡದಂತೆ ನಿಂತೇ ಬರುತ್ತಿದ್ದೆ. 'ರೆಫರೆನ್ಸ್' ಎಂದು ನಾನೇ ಬರೆದ ಬೋರ್ಡಿಟ್ಟು, ಕಾನ್ವೆಂಟಿನ ಸಿಸ್ಟರ್ ಕಲಿಸಿದಂತೆ ಬೆನ್ನು ನೆಟ್ಟಗೆ ಮಾಡಿ ಕೂತೆ. ಜ್ಞಾನದಾಹಿಗಳು ಬಂದರು ನೋಡಿ: ಒಬ್ಬರಿಗೆ ಬೀರೂರಿನ ಬಸ್ಸು ಹೋಯಿತೇ ಎಂದು ತಿಳಿಯಬೇಕಿತ್ತು, ಇನ್ನೊಬ್ಬರಿಗೆ ಕನ್ನಡಕ ಒರೆಸಲು ಬಟ್ಟೆ ಬೇಕಿತ್ತು.

ನನ್ನ ಮೊದಲ ಸೀರಿಯಸ್ 'ರೀಡರ್' ಓದು ಬಾರದ ನಿಂಗಮ್ಮ. ಯಗಟಿಯಿಂದ ಸಂತೆಗೆ ಬಂದವರು ಫ್ಯಾನಿನ ಗಾಳಿಗೆಂದು ಒಳಗೆ ಬಂದಿದ್ದರು. ಮಗಳು ಮಿಲಿಟರಿಯವನನ್ನು ಮದುವೆಯಾಗಿ ದೂರದ ಜಲಂಧರದಲ್ಲಿದ್ದಳು, ಚೊಚ್ಚಲ ಬಸುರಿ. ಪ್ರಯಾಣ ಕೂಡದೆಂದು ಡಾಕ್ಟರು ಹೇಳಿದ್ದರಿಂದ ತವರಿಗೆ ಬರುವ ಹಾಗಿರಲಿಲ್ಲ. ತಾಯಿಯೇ ಹೋಗೋಣವೆಂದರೆ ಗಂಡ ರುದ್ರಪ್ಪನವರು ಬಿಡರು. ಕಾಣದ ದೂರ ಎಂಬುದೊಂದೇ ಅವರ ತಕರಾರು.

"ಎಷ್ಟು ದೂರ ಅಂತ ನಿಮ್ ಪುಸ್ತಕದಾಗೆ ಐತಾ ತಾಯಿ?"

ಅಟ್ಲಾಸ್ ಎತ್ತಿ ಹಾಕಿದೆ, ಧೊಪ್. ಇಂಡಿಯಾದ ಹಾಳೆಯಲ್ಲಿ ಕಡೂರಿನ ಮೇಲೆ ಅವರ ಹೆಬ್ಬೆರಳು, ಜಲಂಧರದ ಮೇಲೆ ಕಿರುಬೆರಳು ಇಡಿಸಿದೆ. ಸರಿಯಾಗಿ ಒಂದು ಗೇಣು. ನಿಂಗಮ್ಮ ಕೈ ಮಡಿಸದೆ ಹಾಗೇ ಎತ್ತಿಕೊಂಡು ಹೋಗಿ, ಗೋಡೆಯ ಮೇಲಿದ್ದ ನಮ್ಮ ತಾಲ್ಲೂಕುಗಳ ಮ್ಯಾಪಿಗೆ ಹಿಡಿದು, ತಮ್ಮ ತವರು ಅಜ್ಜಂಪುರವನ್ನು ತೋರಿಸೆಂದರು. ಕಡೂರಿನಿಂದ ಅದೂ ಒಂದು ಗೇಣೇ. ಮ್ಯಾಪಿನ ಸ್ಕೇಲ್ ಎಂಬ ಮಹಾವಿಷಯದ ಮೇಲೆ ನಾನು ಲೆಕ್ಚರು ಶುರುಮಾಡುವಷ್ಟರಲ್ಲಿ ಅವರು ಮಾಯ.

ಮುಂದಿನ ಸಂತೆಗೆ ಗಂಡನನ್ನು ಎಳೆದುಕೊಂಡೇ ಬಂದರು. ಎರಡೂ ಕಡೆ ಗೇಣು ಹಾಕಿ ತೋರಿಸಿದರು. ರುದ್ರಪ್ಪನವರು ತಮ್ಮ ಗೇಣನ್ನೂ ಹಾಕಿದರು. ಅವರ ಕೈ ದೊಡ್ಡದು, ಜಲಂಧರ ಇನ್ನಷ್ಟು ಹತ್ತಿರ ಬಂತು. ಆಮೇಲೆ ನನ್ನ ಕಡೆ ತಿರುಗಿದರು.

"ಏನವ್ವಾ, ನೀನು ಓದಿರೋಳು. ಎರಡೂ ಒಂದೇ ಗೇಣೇನು?"

ಕೇಳಿದ್ದಕ್ಕಷ್ಟೇ ಉತ್ತರ ಕೊಡಬೇಕೆಂಬುದು ರೆಫರೆನ್ಸ್ ಡೆಸ್ಕಿನ ಫಸ್ಟ್ ರೂಲ್ ಎಂದು ಪ್ರೊಫೆಸರು ಹೇಳಿದ್ದರು. ನಿಂಗಮ್ಮನ ಮುಖ ನೋಡಿದೆ. ಬಿಲೀವ್ ಮಿ, ಯಾವ ರೂಲನ್ನೂ ಅಷ್ಟು ನಿಷ್ಠೆಯಿಂದ ನಾನು ಪಾಲಿಸಿಲ್ಲ. ಹೌದು, ಗೇಣು ಒಂದೇ ಎಂದೆ.

ರುದ್ರಪ್ಪನವರು ಒಪ್ಪಿದರು. ರಜೆ ಮುಗಿಸಿ ಜಲಂಧರಕ್ಕೆ ಹೊರಟ ಯಗಟಿಯ ಸಿಪಾಯಿಯೊಬ್ಬ ನಿಂಗಮ್ಮನಿಗೆ ಜೊತೆ ಸಿಕ್ಕಿದ. ಕಡೂರು ಸ್ಟೇಷನ್ನಿಗೆ ನಾನೂ ಹೋದೆ. ಅಜ್ಜಂಪುರದಷ್ಟೇ ದೂರ, ಸಂತೆ ಹೊತ್ತಿಗೆ ಬಂದ್ಬಿಡ್ತಾಳೆ ಎಂದು ರುದ್ರಪ್ಪನವರು ಪ್ಲಾಟ್‌ಫಾರಂ ತುಂಬ ಹೇಳಿಕೊಂಡು ತಿರುಗುತ್ತಿದ್ದರು. ನಿಜ ಹೇಳಿಬಿಡೋಣವೆಂದು ನಿಂಗಮ್ಮ ಕೂತಿದ್ದ ಬೋಗಿಯ ಬಳಿ ಹೋದೆ. ಕಿಟಕಿಯೊಳಗೆ ಇಣುಕಿದರೆ ಅವಲಕ್ಕಿ ಗಂಟು, ಚಟ್ನಿಪುಡಿ ಡಬ್ಬ, ಬಾಣಂತಿ ಖಾರ, ಮೇಲೆ ಎರಡು ಕಂಬಳಿ. ಅಜ್ಜಂಪುರಕ್ಕೆ ಹೋಗುವವರು ಕಟ್ಟುವ ಬುತ್ತಿ ಅದಲ್ಲ. ನಾನು ನೋಡಿದ್ದನ್ನು ನಿಂಗಮ್ಮ ನೋಡಿದರು.

"ಗೇಣಿಗೂ ಗೇಣಿಗೂ ವ್ಯತ್ಯಾಸ ಐತೆ ಅಂತ ನಂಗೊತ್ತಿಲ್ವಾ ಮಗಾ? ರೈಲು ಹೊರಡೋಗಂಟ ಸುಮ್ನಿರು."

ಇಷ್ಟು ಹೇಳುವಷ್ಟರಲ್ಲಿ ಮೊಮ್ಮಗಳು ಫೋನು ಪಕ್ಕಕ್ಕಿಟ್ಟಿದ್ದಳು. ಆಮೇಲೆ ಅವರು ಸಿಕ್ಕಿದ್ರಾ ಎಂದು ಕೇಳಿದಳು. ಇಲ್ಲ, ನೋಡಿದ್ದು ಅದೇ ಕೊನೆ. ರೈಲು ಹೊರಟಾಗ ಕಿಟಕಿಯಿಂದ ಕೈ ಚಾಚಿದರು. ಬೀಸಲಿಲ್ಲ, ಬೆರಳು ಅಗಲಿಸಿ ಗೇಣು ಹಿಡಿದರು. ನನ್ನ ಪಕ್ಕದಲ್ಲಿ ರುದ್ರಪ್ಪನವರೂ ಖುಷಿಯಿಂದ ಗೇಣೆತ್ತಿ ತೋರಿಸಿದರು.