ತಿದ್ದಿ ಕಳಿಸಿದ ಊಟದ ಕರೆ

ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಸೆಕ್ಷನ್ ಆಫೀಸರ್ ಆಗಿದ್ದ ನನಗೆ ಕೈಗೆ ಬಂದದ್ದನ್ನೆಲ್ಲ ತಿದ್ದುವ ಚಟ. ಗುಮಾಸ್ತರು ಡ್ರಾಫ್ಟ್ ತರುತ್ತಿದ್ದರು, ನಾನು ಕೆಂಪು ಮಸಿಯಲ್ಲಿ ಗೀಚಿ ವಾಪಸು ಕೊಡುತ್ತಿದ್ದೆ. ಒಳಗಿನ ವಿಷಯ ಏನೆಂಬುದು ಮೇಲಿನವರ ತಲೆನೋವು. ಎರಡು ಸಾವಿರದ ಏಳರ ಸುಮಾರಿಗೆ ದೆಹಲಿಯ ಕನ್ನಡಿಗರದೊಂದು ಇಮೇಲ್ ಗುಂಪು ಹುಟ್ಟಿಕೊಂಡಿತು. ಅದರಲ್ಲಿ ಐಟಿ ಹುಡುಗರು ಬರೆಯುವ ಕನ್ನಡ ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು. ತಿದ್ದಿ ಎಲ್ಲರಿಗೂ ಕಳಿಸುತ್ತಿದ್ದೆ. ಒಬ್ಬರೂ ಥ್ಯಾಂಕ್ಸ್ ಹೇಳಲಿಲ್ಲ. ಪಾಪ, ಸಂಕೋಚವಿರಬೇಕು ಎಂದುಕೊಂಡಿದ್ದೆ.

ಆ ಸಲ ಗುಂಪಿನವರು ಇಟ್ಟುಕೊಂಡ ಯುಗಾದಿ ಊಟಕ್ಕೆ ನನ್ನ ಹೆಂಡತಿ ತಿಂಗಳಿಂದ ಕಾದಿದ್ದಳು. ಮಯೂರ್ ವಿಹಾರದ ನಮ್ಮ ಸೊಸೈಟಿಯಲ್ಲಿ ಅವಳಿಗೆ ಕನ್ನಡ ಮಾತಾಡಲು ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ. ಮನೆಗೊಂದು ಅಡುಗೆ ಎಂದು ಮಾತಾಗಿತ್ತು. ನಸುಕಿಗೇ ಎದ್ದು ದೊಡ್ಡ ಪಾತ್ರೆ ತುಂಬ ಬಿಸಿಬೇಳೆಬಾತ್ ಮಾಡಿದಳು. ಹನ್ನೆರಡೂವರೆಗೆ, ಮೊದಲೇ ಗೊತ್ತಾಗಿದ್ದ ಹತ್ತಿರದ ಸಮುದಾಯ ಭವನಕ್ಕೆ ಹೋದರೆ ಬಾಗಿಲಿಗೆ ಬೀಗ.

ಊಟದ ಉಸ್ತುವಾರಿ ಹೊತ್ತಿದ್ದ ಗ್ರೇಟರ್ ನೋಯ್ಡಾದ ಎಂಜಿನಿಯರನಿಗೆ ಫೋನ್ ಮಾಡಿ ರೇಗಿದೆ.

"ಸರ್, ಅಲ್ಲಿ ಹಾಲ್ ಸಿಗ್ಲಿಲ್ಲ, ದ್ವಾರಕಾದಲ್ಲಿ ಇಟ್ಕೊಂಡಿದೀವಿ ಅಂತ ಮೊನ್ನೆ ಮೇಲ್ ಹಾಕಿದ್ನಲ್ಲ?"

"ನಾನು ನೋಡೇ ಇಲ್ಲ."

"ನೋಡಿದೀರಿ ಸರ್. ಹದಿನಾಲ್ಕು ತಪ್ಪು ತಿದ್ದಿ ಎಲ್ರಿಗೂ ಕಳಿಸಿದ್ರಿ. ನಿಮ್ದು ಓದೋಕೆ ಈಸಿ ಅಂತ ಎಲ್ರೂ ಅದನ್ನೇ ಪ್ರಿಂಟ್ ಹಾಕ್ಕೊಂಡು ಬಂದಿದಾರೆ."

ದೆಹಲಿಯ ಈ ತುದಿಯಿಂದ ಆ ತುದಿಯ ದ್ವಾರಕಾಕ್ಕೆ, ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಹೋದೆವು. ತಲುಪುವ ಹೊತ್ತಿಗೆ ಸಂಸಾರಸ್ಥರೆಲ್ಲ ಹೊರಟುಹೋಗಿದ್ದರು. ಎಂಜಿನಿಯರನೂ ಅವನ ನಾಲ್ಕು ಗೆಳೆಯರೂ ಜಮಖಾನ ಮಡಚುತ್ತಿದ್ದರು.

ಪಾತ್ರೆ ನೋಡಿದ್ದೇ ತಡ, "ಅಚ್ಛಾ ಆಂಟಿ, ಇನ್ನೊಂದು ರೌಂಡ್ ಆಗ್ಲಿ!" ಎಂದು ಜಮಖಾನ ಮತ್ತೆ ಹಾಸಿದರು. ಹೆಂಡತಿ ಬಡಿಸುತ್ತ ಮಾತಿಗೆ ನಿಂತಳು. ಅವರ ಕನ್ನಡದಲ್ಲಿ ಅರ್ಧ ಹಿಂದಿ. ಅವಳದೂ ಆ ಭರದಲ್ಲಿ ಎಲ್ಲೋ ಶುರುವಾಗಿ ಎಲ್ಲೋ ಮುಗಿಯುತ್ತಿತ್ತು. ಎರಡು ಸಲ ನನ್ನ ನಾಲಿಗೆ ತುರಿಸಿತು, ತುತ್ತು ತುರುಕಿಕೊಂಡೆ. ಅವಳು ಹೊಟ್ಟೆ ಹಿಡಿದುಕೊಂಡು ನಗುವುದನ್ನು ನೋಡಿ ಎಷ್ಟು ವರ್ಷವಾಗಿತ್ತೋ. ಖುಷಿಯೂ ಆಯಿತು, ಹೊಟ್ಟೆಕಿಚ್ಚೂ ಆಯಿತು.

ವಾಪಸು ಬರುವಾಗ ತಡೆಯಲಾರದೆ ಕೇಳಿದೆ: "ಮನೇಲಿ ನನ್ನ ಹತ್ರ ಯಾಕೆ ಹೀಗೆ ಮಾತಾಡಲ್ಲ ನೀನು?"

"ನೀವೆಲ್ಲಿ ಕೇಳಿಸ್ಕೋತೀರಿ? ತಿದ್ತೀರಿ," ಎಂದಳು.

ಆ ಮಾತಿನಲ್ಲಿ ತಿದ್ದುವಂಥದ್ದು ಏನೂ ಸಿಗಲಿಲ್ಲ.